ನಂಜಮ್ಮ ಎಂದೇ ಕರೆಯಿರಿ

ನನ್ನನ್ನು ನಂದಾ ಮೇಡಂ ಎಂದು ಬಲ್ಲ ಎಲ್ಲರಿಗೂ ನಮಸ್ಕಾರ.

ಈ ವರ್ಷ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ನನ್ನ ಕಾಲ ಮೇಲೆ ನಾನೇ ನಿಂತು ತೇರು ನೋಡಿದೆ. ಆಸ್ಪತ್ರೆಯಿಂದ ಬಂದ ದಿನ ತಲೆಬಾಗಿಲಿನಿಂದ ಮಂಚದವರೆಗಿನ ಹನ್ನೊಂದು ಹೆಜ್ಜೆಗೆ ಇಬ್ಬರ ಹೆಗಲು ಬೇಕಾಗಿತ್ತು. ಆ ಮಂಚದಿಂದ ರಥಬೀದಿಯವರೆಗೆ ನನ್ನನ್ನು ತಲುಪಿಸಿದವರು ನೀವು. ಒಬ್ಬೊಬ್ಬರ ಮನೆಗೂ ಬಂದು ಹೇಳಬೇಕಾದ ಮಾತನ್ನು ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ. ಜೊತೆಗೆ ಒಂದು ಕೋರಿಕೆಯೂ ಇದೆ. ಅದು ನನ್ನ ಹೆಸರಿನ ವಿಚಾರ.

ಕಳೆದ ಆಷಾಢದಲ್ಲಿ ಹಿತ್ತಲಿನ ದಾಸವಾಳದ ಬುಡ ಕೆದಕುತ್ತಿದ್ದಾಗ ತುಕ್ಕು ಹಿಡಿದ ತಂತಿಯೊಂದು ಬಲಗಾಲಿಗೆ ಚುಚ್ಚಿತು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಕಾಲು ಅದು. ಚುಚ್ಚಿದ್ದು ಸರಿಯಾಗಿ ತಿಳಿಯಲೂ ಇಲ್ಲ. ಅರಿಶಿನ ಒತ್ತಿ ಸುಮ್ಮನಾದೆ. ಆರನೆಯ ದಿನ ಚಳಿ ಹತ್ತಿ ಹಲ್ಲು ಕಟಕಟ ಎಂದವು, ಮಾತು ತೊದಲಿತು. ಮಗಳು ಕಾಲುಚೀಲ ತೆಗೆದು ನೋಡಿದಾಗ ಪಾದ ಕಪ್ಪಿಟ್ಟಿತ್ತು. "ನಂಜು ರಕ್ತಕ್ಕೆ ಏರಿದೆ" ಎಂದರು ವೈದ್ಯರು. ಮೂರು ಶಸ್ತ್ರಚಿಕಿತ್ಸೆ, ಎರಡು ಬೆರಳು ಹೋದವು, ಮೂವತ್ತೆಂಟು ದಿನ ಆಸ್ಪತ್ರೆ. ಇದನ್ನು ಓದುತ್ತಿರುವ ಸಕ್ಕರೆ ಕಾಯಿಲೆಯವರಲ್ಲಿ ಕೈಮುಗಿದು ಕೇಳುತ್ತೇನೆ: ರಾತ್ರಿ ಮಲಗುವ ಮುನ್ನ ಅಂಗಾಲಿನ ಕೆಳಗೊಂದು ಕನ್ನಡಿ ಹಿಡಿದು ನೋಡಿಕೊಳ್ಳಿ. ನೋವಿಲ್ಲವೆಂದು ಗಾಯವನ್ನು ನಂಬಬೇಡಿ.

ತೀವ್ರ ನಿಗಾ ಘಟಕದಲ್ಲಿ ಪ್ರಜ್ಞೆ ಬಂದ ಮೊದಲ ಬೆಳಿಗ್ಗೆ ದಾದಿಯೊಬ್ಬಳು ಇಂಜೆಕ್ಷನ್ ಹಿಡಿದು ಬಂದು "ಅಮ್ಮಾ, ನಿಮ್ಮ ಹೆಸರು ಹೇಳಿ" ಎಂದಳು. "ನಂದಾ" ಎಂದೆ. ಅವಳು ನನ್ನ ಮಣಿಕಟ್ಟಿನ ಪಟ್ಟಿಯನ್ನು ಓದಿದಳು, ಕೈಯಲ್ಲಿದ್ದ ಕಾಗದವನ್ನು ಓದಿದಳು, ಸೂಜಿಯ ಮೇಲೆ ಮುಚ್ಚಳ ಹಾಕಿ ತಟ್ಟೆಯಲ್ಲಿಟ್ಟುಬಿಟ್ಟಳು. "ಇನ್ನೊಮ್ಮೆ ಹೇಳಿ ಅಮ್ಮಾ. ಹೆಸರು ಹೊಂದದಿದ್ದರೆ ನಾನು ಔಷಧ ಕೊಡುವ ಹಾಗಿಲ್ಲ." ಅವಳ ಧ್ವನಿಯಲ್ಲಿ ಗದರಿಕೆ ಇರಲಿಲ್ಲ; ಕಾಯುವ ತಾಳ್ಮೆ ಇತ್ತು. ಗಂಟಲು ಒಣಗಿತ್ತು. ನಲವತ್ತು ವರ್ಷ ಯಾರೆದುರೂ ಬಾಯಿಬಿಟ್ಟು ಹೇಳದ ಹೆಸರನ್ನು ಅಂದು ಹೇಳಿದೆ: "ನಂಜಮ್ಮ."

ಆಮೇಲೆ ದಿನಕ್ಕೆ ಎಂಟು ಹತ್ತು ಸಲ ಹೇಳಬೇಕಾಯಿತು. ರಕ್ತ ಏರಿಸುವಾಗ, ಇನ್ಸುಲಿನ್ ಕೊಡುವಾಗ, ಕಾಲಿನ ಪಟ್ಟು ಬದಲಿಸುವಾಗ. ನಡುರಾತ್ರಿ ಎಬ್ಬಿಸಿ ಕೇಳಿದಾಗಲೂ ನಂಜಮ್ಮ. ಆ ದಾದಿಯ ಅಜ್ಜಿಯ ಹೆಸರೂ ನಂಜಮ್ಮನೇ ಅಂತೆ, ಚಾಮರಾಜನಗರದ ಕಡೆಯವರು. "ನೀವು ಹೆಸರು ಹೇಳಿದಾಗಲೆಲ್ಲ ಊರಿಗೆ ಹೋಗಿ ಬಂದ ಹಾಗಾಗುತ್ತದೆ" ಎಂದಿದ್ದಳು ಒಂದು ದಿನ. ತಾಯೀ, ನಿನ್ನ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ನೀನು ನನಗೆ ನನ್ನದನ್ನು ಹಿಂದಕ್ಕೆ ಕೊಟ್ಟೆ. ಅದನ್ನು ಸಾಯುವವರೆಗೂ ಮರೆಯುವುದಿಲ್ಲ.

ಆ ಹೆಸರನ್ನು ಬಿಟ್ಟ ಕಥೆಯನ್ನು ಈಗ ಹೇಳಲೇಬೇಕು.

ನಾವು ಹುಲ್ಲಹಳ್ಳಿ ಕಡೆಯವರು. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಅವ್ವನ ಕೈಯಲ್ಲಿ ಉಳಿಯಲಿಲ್ಲ. ಮಕ್ಕಳು ನಿಲ್ಲದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯ ಎಂದೋ, ಕಲ್ಲಿನಂತೆ ಇರಲಿ ಎಂದು ಗುಂಡ ಎಂದೋ ಹೆಸರಿಡುತ್ತಿದ್ದ ಕಾಲ. ಅವ್ವ ಹಾಗೆ ಮಾಡಲಿಲ್ಲ. ಹೊಟ್ಟೆಯಲ್ಲಿ ನಾನಿದ್ದಾಗಲೇ ನಂಜನಗೂಡಿಗೆ ಹೋಗಿ, ಇದು ಉಳಿದರೆ ನಿನ್ನ ಹೆಸರೇ ಇಡುತ್ತೇನೆ ಎಂದು, ಜನ ನಂಜುಂಡ ಎಂದೇ ಕರೆಯುವ ಶ್ರೀಕಂಠೇಶ್ವರನಿಗೆ ಹೇಳಿಕೊಂಡಳಂತೆ. ನಾನು ಉಳಿದೆ. ಕಪಿಲೆಯ ದಡದಲ್ಲಿ ನನ್ನ ಮೊದಲ ಮುಡಿ ಕೊಟ್ಟು ನಂಜಮ್ಮ ಎಂದು ಕರೆದರು.

ನಮ್ಮ ಸೀಮೆಯಲ್ಲಿ ಇದು ಯಾವ ಒಂದು ಜಾತಿಯ ಹೆಸರೂ ಅಲ್ಲ. ನಂಜಯ್ಯ, ನಂಜಪ್ಪ, ನಂಜೇಗೌಡ, ನಂಜನಾಯಕ, ನಂಜುಂಡಶೆಟ್ಟಿ, ನಂಜಮ್ಮಣ್ಣಿ, ನಂಜಿ. ಎಲ್ಲ ಕೇರಿಗಳಲ್ಲೂ ಒಬ್ಬರಾದರೂ ಇರುತ್ತಾರೆ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರಾದವರು, ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾದವರು ಎಚ್.ವಿ. ನಂಜುಂಡಯ್ಯನವರು. ಇದನ್ನೆಲ್ಲ ಹದಿನೇಳನೆಯ ವಯಸ್ಸಿನಲ್ಲಿ ಯಾರಾದರೂ ನನಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಮೈಸೂರಿನ ಹಾಸ್ಟೆಲಿನಲ್ಲಿ ಜೊತೆಗಾತಿಯರು ನನ್ನ ಹೆಸರು ಕೇಳಿ ಮುಖ ಮುಖ ನೋಡಿಕೊಂಡರು. "ನಂಜು ಎಂದರೆ ವಿಷ ಅಲ್ಲವೇ?" ಎಂದಳು ಒಬ್ಬಳು. ವಾರದೊಳಗೆ ನಾನು ನಂದಾ ಆದೆ. ಸರ್ಕಾರಿ ದಾಖಲೆಯಲ್ಲಿ, ಸಂಬಳದ ಪಟ್ಟಿಯಲ್ಲಿ ಹಳೆಯ ಹೆಸರೇ ಇತ್ತು. ಬಾಯಲ್ಲಿ ಮಾತ್ರ ಇರಲಿಲ್ಲ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದೆ. ಲೋಪಸಂಧಿಗೆ ಬೋರ್ಡಿನ ಮೇಲೆ ನೂರು ಉದಾಹರಣೆ ಬರೆದೆ: ಮಾತು ಇಲ್ಲ, ಮಾತಿಲ್ಲ. ನಂಜು ಉಂಡ, ನಂಜುಂಡ ಎಂಬ ಒಂದನ್ನು ಯಾವ ವರ್ಷವೂ ಬರೆಯಲಿಲ್ಲ.

ಅವ್ವ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಒಂದು ಬೇಸಿಗೆಯಲ್ಲಿ ಹೇಳದೆ ಕೇಳದೆ ನನ್ನನ್ನು ನೋಡಲು ಮೈಸೂರಿಗೆ ಬಂದಳು. ಸೆರಗಿನಲ್ಲಿ ಹುರಿದ ಅವರೆಕಾಳು, ಕೈಯಲ್ಲಿ ಒಂದು ಚೀಲ ಹುಣಸೆಹಣ್ಣು. ನಮ್ಮ ಬೀದಿಗೆ ಬಂದು "ನಂಜಮ್ಮ ಮೇಷ್ಟ್ರ ಮನೆ ಯಾವುದು?" ಎಂದು ಕೇಳಿದ್ದಾಳೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದಿದ್ದಾರೆ. ಬೀದಿಯ ಈ ತುದಿಯಿಂದ ಆ ತುದಿಗೆ ಮಧ್ಯಾಹ್ನದ ಬಿಸಿಲಲ್ಲಿ ಎಷ್ಟು ಸಲ ನಡೆದಳೋ. ನಾನು ಶಾಲೆಯಿಂದ ಬಂದಾಗ ಮೂಲೆಯ ಅಂಗಡಿಯ ನೆರಳಿನಲ್ಲಿ ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, ಸುತ್ತ ಜನರಿದ್ದರೆಂದು ಮೆಲ್ಲಗೆ "ನಂದಾ" ಎಂದಳು. ಅವ್ವನ ಬಾಯಲ್ಲಿ ಆ ಹೆಸರು ಬಂದದ್ದು ಅದೊಂದೇ ಸಲ. ಆ ದನಿ ಆಸ್ಪತ್ರೆಯ ಮೂವತ್ತೆಂಟು ದಿನವೂ ನನ್ನ ಕಿವಿಯಲ್ಲಿತ್ತು.

ಮಲಗಿದ್ದಲ್ಲೇ ಹೆಸರನ್ನು ಬಿಡಿಸಿ ನೋಡುತ್ತಿದ್ದೆ. ಸಂಸ್ಕೃತದವರು ಶಿವನನ್ನು ನೀಲಕಂಠ ಎಂದರು, ಕೊರಳಿನ ಕಲೆಯನ್ನು ಕಂಡು ಇಟ್ಟ ಹೆಸರು. ಕನ್ನಡದವರು ಅವನು ಮಾಡಿದ ಕೆಲಸವನ್ನೇ ಹಿಡಿದರು. ನಂಜನ್ನು ಕುಡಿದ ಎನ್ನಲಿಲ್ಲ, ನುಂಗಿದ ಎನ್ನಲಿಲ್ಲ, ಉಂಡ ಎಂದರು. ಉಣ್ಣುವುದು ಎಂದರೆ ನಮ್ಮಲ್ಲಿ ನೆಲದ ಮೇಲೆ ಕುಳಿತು, ತುತ್ತು ಕಲಸಿ, ಪೂರ್ತಿ ಮಾಡಿ ಏಳುವುದು. ಬೇರೆಯವರ ಪಾಲಿನ ವಿಷವನ್ನು ಅನ್ನದಂತೆ ಉಂಡವನು ನಂಜುಂಡ. ಅವನ ಹೆಸರನ್ನು ಮೊಟಕು ಮಾಡಿ ನಂಜಪ್ಪ, ನಂಜಮ್ಮ ಎಂದು ಕರೆದಾಗ 'ಉಂಡ' ಎಂಬುದು ಕಿವಿಗೆ ಬೀಳುವುದಿಲ್ಲ, ಆದರೆ ಒಳಗೆ ಇದ್ದೇ ಇರುತ್ತದೆ. ನಾನು ಅಷ್ಟು ವರ್ಷ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡು ನಾಚಿದ್ದೆ.

ನನ್ನ ನಂಜನ್ನು ಉಂಡವರು ಯಾರೆಂದು ನನಗೆ ಗೊತ್ತಿದೆ. ಮೂರನೆಯ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಪಾದವನ್ನೇ ತೆಗೆಯಬೇಕಾಗಬಹುದು ಎಂದು ಹೇಳಿ, ಬೆಳಗಾಗುವವರೆಗೂ ಬೇರೆ ದಾರಿ ಹುಡುಕಿ, ಎರಡು ಬೆರಳಿಗೆ ನಿಲ್ಲಿಸಿದ ವೈದ್ಯರು. ಊರಿನಿಂದ ಬಂದು ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿದ ತಮ್ಮ; ಅವನ ರಾಗಿ ಹೊಲ ಆ ವರ್ಷ ಕಳೆ ಕೀಳದೆ ಉಳಿಯಿತು. ರಕ್ತ ಬೇಕೆಂಬ ಸುದ್ದಿ ಹೋದ ಎರಡು ಗಂಟೆಯಲ್ಲಿ ಬಂದು ಸಾಲು ನಿಂತ ನನ್ನ ಹಳೆಯ ವಿದ್ಯಾರ್ಥಿಗಳು. ಅವರಲ್ಲೊಬ್ಬನನ್ನು ಎಂಟನೆಯ ತರಗತಿಯಲ್ಲಿ ಕಾಗುಣಿತ ತಪ್ಪಿದ್ದಕ್ಕೆ ಬಿಸಿಲಲ್ಲಿ ನಿಲ್ಲಿಸಿದ್ದೆ. ಕ್ಷಮಿಸು ಮಗು. ಎರಡು ತಿಂಗಳು ದಿನ ಬಿಟ್ಟು ದಿನ ಪಟ್ಟು ಬದಲಿಸಲು ಕರೆದೊಯ್ದ ಆಟೋದವರು, ಹಂಪ್ ಬಂದಾಗಲೆಲ್ಲ ತಾವೇ ಇಳಿದು ಆಟೋವನ್ನು ಮೆಲ್ಲಗೆ ತಳ್ಳಿ ದಾಟಿಸಿದವರು. ಎದುರು ಮನೆಯ ಅಕ್ಕ ದಿನವೂ ಸಂಜೆ ಒಂದು ಮುದ್ದೆ, ಸೊಪ್ಪಿನ ಸಾರು, ನಂಜಿಕೊಳ್ಳಲು ಹೀರೇಕಾಯಿ ಸಿಪ್ಪೆಯ ಚಟ್ನಿ ತಂದು, ನಾನು ಉಂಡು ಮುಗಿಸುವವರೆಗೂ ಬಾಗಿಲಲ್ಲೇ ನಿಂತಿರುತ್ತಿದ್ದರು. ಮಗಳ ಬಗ್ಗೆ ಬರೆಯಹೊರಟರೆ ಕಣ್ಣು ಮಂಜಾಗುತ್ತದೆ, ಅವಳಿಗೆ ಮನೆಯಲ್ಲೇ ಹೇಳಿದ್ದೇನೆ.

ಯುಗಾದಿಗೆ ಕೋಲು ಹಿಡಿದು ಅಂಗಳಕ್ಕೆ ಬಂದೆ. ರಾಮನವಮಿಯ ದಿನ ಬೀದಿಯ ಮಕ್ಕಳು ಚಪ್ಪರದಿಂದ ಪಾನಕ, ಕೋಸಂಬರಿ ತಂದು ಗೇಟಿನ ಬಳಿಯೇ ಕೊಟ್ಟರು. ಬೆಲ್ಲದ ಪಾನಕ ನನಗಲ್ಲ ಎಂದು ಅವರಿಗೆ ಯಾರು ಹೇಳಿದ್ದರೋ, ನನ್ನ ಲೋಟದಲ್ಲಿ ಮಾತ್ರ ನೀರುಮಜ್ಜಿಗೆ ಇತ್ತು. ಶುಂಠಿ, ಕರಿಬೇವು ಹಾಕಿದ್ದರು. ಮೊಮ್ಮಗಳು ರಂಗಾಯಣದ ಚಿಣ್ಣರ ಮೇಳದಿಂದ ದಿನವೂ ಒಂದು ಹಾಡು ಕಲಿತು ಬಂದು ನನ್ನ ನಡಿಗೆಗೆ ತಾಳ ಹಾಕಿದಳು. ಹಳೆಯ ವಿದ್ಯಾರ್ಥಿಯೊಬ್ಬ ನಂಜನಗೂಡು ರಸಬಾಳೆಯ ಒಂದು ಚಿಪ್ಪು ತಂದುಕೊಟ್ಟ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಣ್ಣು, ಪನಾಮಾ ಸೊರಗು ರೋಗ ಮಣ್ಣಿನಲ್ಲೇ ಕುಳಿತು ತೋಟ ತೋಟಗಳನ್ನೇ ತಿಂದುಹಾಕಿದ ತಳಿ. ಆ ಹುಡುಗ ಅದನ್ನು ಬಿಡದೆ ಬೆಳೆಯುತ್ತಿದ್ದಾನೆ. ಅರ್ಧ ಹಣ್ಣು ತಿಂದೆ, ಕೈಯಲ್ಲಿ ಸಂಜೆಯವರೆಗೂ ಅದರ ಪರಿಮಳ ಇತ್ತು.

ಆದರೆ ಬೇಸಿಗೆಯೆಂದರೆ ನನಗೆ ತೇರು. ಬೆಳಗಿನ ಜಾವ ಮೂರೂವರೆಗೆ ತಮ್ಮ ಕಾರು ತಂದ. ಕಪಿಲೆಯನ್ನು ದಾಟುವಾಗ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಹಳೆಯ ಸೇತುವೆಯ ಕಲ್ಲಿನ ಕಮಾನುಗಳು ಕತ್ತಲೆಯಲ್ಲಿ ಮಬ್ಬಾಗಿ ಕಂಡವು. ಅವ್ವ ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಹರಕೆ ಹೊರಲು ಬಂದದ್ದೂ ಈ ಹೊಳೆಯನ್ನು ನೋಡಿಯೇ. ರಥಬೀದಿಯಲ್ಲಿ ಅಷ್ಟು ಹೊತ್ತಿಗಾಗಲೇ ಕಾಲಿಡಲು ಜಾಗವಿರಲಿಲ್ಲ. ನನ್ನ ಕಾಲನ್ನು ಕಂಡ ಅಂಗಡಿಯವರೊಬ್ಬರು ಏನೂ ಕೇಳದೆ ಜಗಲಿಯ ಮೇಲೆ ಸ್ಟೂಲ್ ಹಾಕಿಕೊಟ್ಟರು. ಅವರಿಗೂ ನನ್ನ ನಮಸ್ಕಾರ ಸಲ್ಲಬೇಕು.

ಗಣಪತಿಯ ತೇರು ಮೊದಲು ಹೊರಟಿತು. ಅದರ ಹಿಂದೆ ಗೌತಮ ರಥ, ನಂಜುಂಡನದು. ಐದು ತೇರುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಮೊದಲು ಮಿಣಿ ಬಿಗಿಯಾಗುತ್ತದೆ, ಸಾವಿರ ಜನ ಹಿಂದಕ್ಕೆ ವಾಲುತ್ತಾರೆ, ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಮರ ಮರಕ್ಕೆ ಉಜ್ಜಿದ ಒಂದು ನರಳಿಕೆ, ತುದಿಯ ಬಟ್ಟೆಗಳು ಅಲುಗುತ್ತವೆ, ಗಾಲಿ ಉರುಳುತ್ತದೆ. ಗಾಲಿಯ ಪಕ್ಕದಲ್ಲೇ ಓಡುತ್ತ ಮರದ ಅಡ್ಡೆ ಕೊಟ್ಟು ದಿಕ್ಕು ತಿರುಗಿಸುವವರ ಮೇಲೆ ನನ್ನ ಕಣ್ಣು ನೆಟ್ಟಿತ್ತು. ಆ ಬೃಹತ್ ರಥದ ದಾರಿ ಅವರ ಕೈಯಲ್ಲಿರುವ ತುಂಡಿನ ಮೇಲೆ ನಿಂತಿದೆ. ನಾನು ಹಣ್ಣು ಜವನ ಎಸೆದೆ. ಬಾಳೆಹಣ್ಣು ತೇರಿನ ಕಂಬಕ್ಕೆ ತಗುಲಿ ಬಿತ್ತು, ದವನದ ವಾಸನೆ ನನ್ನ ಬೆರಳಿನಲ್ಲೇ ಉಳಿಯಿತು.

ಪಕ್ಕದಲ್ಲಿ ನಿಂತಿದ್ದ ಅಜ್ಜ ಮೊಮ್ಮಗನಿಗೆ ಕಥೆ ಹೇಳುತ್ತಿದ್ದರು: ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಹೋಗಿತ್ತಂತೆ, ಇಲ್ಲಿ ಪೂಜೆ ಮಾಡಿಸಿದ ಮೇಲೆ ಬಂದಿತಂತೆ, ಸುಲ್ತಾನ ದೇವರನ್ನು ಹಕೀಮ್ ನಂಜುಂಡ, ಅಂದರೆ ವೈದ್ಯ ನಂಜುಂಡ, ಎಂದು ಕರೆದು ಪಚ್ಚೆಯ ಲಿಂಗ ಒಪ್ಪಿಸಿದನಂತೆ. ಚಿಕ್ಕಂದಿನಿಂದ ಕೇಳಿದ ಕಥೆ. ಹಕೀಮ ಎಂಬ ಪದ ಅಂದು ಬೇರೆಯಾಗಿ ಕೇಳಿಸಿತು. ಸೂಜಿಗೆ ಮುಚ್ಚಳ ಹಾಕಿ ನನ್ನ ಹೆಸರಿಗಾಗಿ ಕಾಯುತ್ತಿದ್ದ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಹಿಂದಿನಿಂದ ಯಾರೋ "ನಂಜಮ್ಮಾ! ಏ ನಂಜಮ್ಮಾ!" ಎಂದು ಕೂಗಿದರು. ಜಗಲಿಯ ಆಸುಪಾಸಿನಲ್ಲಿದ್ದ ನಾಲ್ವರು ಹೆಂಗಸರು ಒಟ್ಟಿಗೇ ತಿರುಗಿದೆವು. ಒಬ್ಬಾಕೆಯ ತಲೆಯ ಮೇಲೆ ಬುಟ್ಟಿ, ಒಬ್ಬಾಕೆ ರೇಷ್ಮೆ ಸೀರೆಯಲ್ಲಿ, ಒಬ್ಬಾಕೆಗೆ ಎಂಬತ್ತು ದಾಟಿರಬೇಕು, ನಾಲ್ಕನೆಯವಳು ನಾನು. ಕೂಗಿದ್ದು ಬುಟ್ಟಿಯವರ ಗಂಡ. ನಾವು ನಾಲ್ವರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಹಿರಿಯಾಕೆ ನನ್ನ ಕಾಲು ನೋಡಿ, ನನ್ನ ಕೈ ಹಿಡಿದುಕೊಂಡು "ನೀನೂ ನಂಜಮ್ಮನೇ ಏನವ್ವ?" ಎಂದರು. ಹೌದವ್ವ ಎಂದೆ. ತೇರು ಬೀದಿಯ ತಿರುವು ದಾಟುವವರೆಗೆ ಅವರು ಕೈ ಬಿಡಲಿಲ್ಲ.

ಮೈಸೂರಿಗೆ ಬಂದ ವಾರ ಗೇಟಿನ ಹಳೆಯ ಫಲಕ ತೆಗೆಸಿದೆ. ಬಣ್ಣ ಬರೆಯುವವರು ಕುಂಚ ಅದ್ದಿ ಹಿಡಿದು "ನಂಜಮ್ಮ ಎಂದೇ ಬರೆಯಲೇ ಅಮ್ಮಾ, ಪೂರ್ತಿ?" ಎಂದು ಕೇಳಿದರು. ಪೂರ್ತಿ ಬರೆಸಿದ್ದೇನೆ, ಬೀದಿಯ ಆ ತುದಿಗೂ ಕಾಣುವಷ್ಟು ದೊಡ್ಡದಾಗಿ. ಈ ಕಡೆ ಬಂದಾಗ ಆ ಹೆಸರು ಹಿಡಿದು ಮನೆ ಕೇಳಿ, ಈಗ ಎಲ್ಲರೂ ತೋರಿಸುತ್ತಾರೆ. ಮಜ್ಜಿಗೆ ಕಡೆದಿಟ್ಟಿರುತ್ತೇನೆ.