ನಮ್ಮ ತಂದೆಯವರ ಕೊನೆಯ ತಿಂಗಳುಗಳಲ್ಲಿ ಜೊತೆಗಿದ್ದವರಿಗೆ

ನಮ್ಮ ತಂದೆಯವರ ಮೊದಲ ವರ್ಷದ ಪುಣ್ಯಸ್ಮರಣೆ ದಾವಣಗೆರೆಯ ನಮ್ಮ ಮನೆಯಲ್ಲಿ ಕಳೆದ ವಾರ ನೆರವೇರಿತು. ಕಿರಾಣಿ ಅಂಗಡಿಯಲ್ಲಿ ಐದು ರೂಪಾಯಿ ಬಾಕಿ ಉಳಿದರೂ ಚಪ್ಪಲಿ ಮೆಟ್ಟಿ ಹೊರಟು ಕೊಟ್ಟು ಬರುತ್ತಿದ್ದ ಅವರ ಪರವಾಗಿ, ಅವರ ಕಾಯಿಲೆಯ ದಿನಗಳಲ್ಲಿ ನಮ್ಮ ಬೆನ್ನಿಗೆ ನಿಂತ ಎಲ್ಲರಿಗೂ ಕೃತಜ್ಞತೆ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಅವರು ಇಲ್ಲಿನ ಹತ್ತಿ ಗಿರಣಿಯೊಂದರ ನೂಲುವ ವಿಭಾಗದಲ್ಲಿದ್ದರು. ತಿರುಗುವ ಕದಿರನ್ನು ಕ್ಷಣಮಾತ್ರ ತಡೆದು, ಕಡಿದ ಎಳೆಯ ತುದಿಯನ್ನು ಹುಡುಕಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಗಂಟು ಕಾಣದಂತೆ ಹೊಸೆದು ಕೂಡಿಸುವುದು ಅವರ ಕೆಲಸವಾಗಿತ್ತು. ಪಾಳಿ ಮುಗಿಸಿ ಬಂದಾಗ ಹುಬ್ಬಿನ ಮೇಲೂ ಹತ್ತಿಯ ನವಿರು ಕೂತಿರುತ್ತಿತ್ತು. ಯಂತ್ರಗಳ ಸದ್ದನ್ನು ಮೀರಿ ಮಾತನಾಡಿ ರೂಢಿಯಾದ್ದರಿಂದ ಫೋನಿನಲ್ಲಿ ಅವರು ಹೇಳಿದ ಗುಟ್ಟು ಇಡೀ ಓಣಿಗೆ ಕೇಳಿಸುತ್ತಿತ್ತು. ಗಿರಣಿ ಮುಚ್ಚಿದ ಮೇಲೆ ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆದು ನಮ್ಮನ್ನು ಓದಿಸಿದರು.

ಉಸಿರಾಟದ ತೊಂದರೆ ಹೆಚ್ಚಾದಾಗ, ವರ್ಷಗಟ್ಟಲೆ ಒಳಹೋದ ಹತ್ತಿಯ ಧೂಳು ಶ್ವಾಸನಾಳಗಳನ್ನು ಹೇಗೆ ಕುಗ್ಗಿಸುತ್ತದೆ ಎಂಬುದನ್ನು ವೈದ್ಯರು ತಾಳ್ಮೆಯಿಂದ ವಿವರಿಸಿದರು. ವಾರದ ರಜೆ ಕಳೆದು ಕೆಲಸಕ್ಕೆ ಮರಳಿದ ದಿನವೇ ಎದೆ ಬಿಗಿಯುವುದು ಈ ಕಾಯಿಲೆಯ ಮೊದಲ ಗುರುತಂತೆ. ಅದನ್ನು ಕೇಳಿ ಅಪ್ಪ, "ನಾವದನ್ನ ರಜೆಯ ಮೈಗಳ್ಳತನ ಅಂತ ನಗಾಡ್ತಿದ್ವಲ್ಲ ಡಾಕ್ಟ್ರೇ" ಎಂದರು. ಆ ವೈದ್ಯರಿಗೂ, ರಾತ್ರಿ ಪಾಳಿಯಲ್ಲಿ ಅವರ ಗಟ್ಟಿದನಿಯ ಹರಟೆಯನ್ನು ಸಹಿಸಿಕೊಂಡ ಶುಶ್ರೂಷಕಿಯರಿಗೂ ನಾವು ಋಣಿಗಳು. ಮನೆಗೆ ಬಂದ ಮೇಲೆ ಆಮ್ಲಜನಕದ ಯಂತ್ರಕ್ಕೆ ಸದಾ ವಿದ್ಯುತ್ ಬೇಕಾಗಿತ್ತು. ಕರೆಂಟು ಹೋದರೆ ಗತಿಯೇನೆಂದು ನಾವು ಚಿಂತಿಸುವ ಮೊದಲೇ ಪಕ್ಕದ ಮನೆಯವರು ಗೋಡೆಯ ಮೇಲಿಂದ ತಮ್ಮ ಯುಪಿಎಸ್ಸಿನ ತಂತಿ ಎಳೆದುಕೊಟ್ಟರು. ಸಂಜೆಯ ಹೊತ್ತು ಹಳೆಯ ಗಿರಣಿ ಗೆಳೆಯರು ಬಂದು ಮಂಚದ ಸುತ್ತ ಕೂರುತ್ತಿದ್ದರು. ಮಂಡಕ್ಕಿ ಭಟ್ಟಿಯ ಸಾಹೇಬರು ಬಿಸಿ ಮರಳಿನಲ್ಲಿ ಆಗತಾನೆ ಹುರಿದ ಮಂಡಕ್ಕಿಯನ್ನು ಕಳಿಸಿಕೊಡುತ್ತಿದ್ದರು. ಅಪ್ಪನಿಗೆ ಅದನ್ನು ತಿನ್ನಲಾಗುತ್ತಿರಲಿಲ್ಲ, ಆದರೆ ಬಂದವರಿಗೆ ಒಗ್ಗರಣೆ ಹಾಕಿ ಕೊಟ್ಟಿರೋ ಇಲ್ಲವೋ ಎಂದು ವಿಚಾರಿಸದೆ ಬಿಡುತ್ತಿರಲಿಲ್ಲ.

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡು, ತಮ್ಮ ತಂದೆಯವರಂತೆಯೇ ಅವರ ಕಣ್ಣುಗಳೂ ದಾನವಾದ ಸುದ್ದಿ ನೋಡಿದಂದಿನಿಂದ ತಮ್ಮ ಕಣ್ಣುಗಳನ್ನೂ ಕೊಡಬೇಕೆಂದು ಅಪ್ಪ ಹೇಳುತ್ತಿದ್ದರು. ಪೊರೆಯ ಶಸ್ತ್ರಚಿಕಿತ್ಸೆಯಾದ ಕಣ್ಣು ಯಾರಿಗೆ ಬೇಕು ಎಂದು ನಾವೇ ಅನುಮಾನಿಸಿದ್ದೆವು. ಪೊರೆ ತೆಗೆಸಿದವರ ಕಣ್ಣಿನ ಪಾರದರ್ಶಕ ಪಟಲವೂ ಉಪಯೋಗಕ್ಕೆ ಬರುತ್ತದೆಂದು ನೇತ್ರ ಭಂಡಾರದವರು ತಿಳಿಸಿದರು. ಸಾವಿನ ನಂತರ ಆರು ಗಂಟೆಗಳೊಳಗೆ ಪಡೆಯಬೇಕಾದ್ದರಿಂದ ಆ ನಸುಕಿನಲ್ಲಿ ಕರೆ ಮಾಡಿದೆವು. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಲು, ಫ್ಯಾನ್ ಆರಿಸಲು, ತಲೆಯನ್ನು ದಿಂಬಿನ ಮೇಲೆ ಎತ್ತರಿಸಿಡಲು ಫೋನಿನಲ್ಲೇ ಹೇಳಿದ ಸಿಬ್ಬಂದಿಯ ಸಮಾಧಾನದ ದನಿ ನಮ್ಮ ಕೈ ನಡುಕವನ್ನು ನಿಲ್ಲಿಸಿತು. ಬಂದವರು ಅರ್ಧ ಗಂಟೆಯೊಳಗೆ ಕೆಲಸ ಮುಗಿಸಿದರು, ಮುಖ ಎಂದಿನಂತೆಯೇ ಇತ್ತು. ಬಂಧುಗಳಲ್ಲಿ ಕೆಲವರಿಗೆ ಇದು ಒಪ್ಪಿಗೆಯಿರಲಿಲ್ಲ. ಅವರ ಎದುರು ನಮ್ಮ ಸೋದರತ್ತೆ, "ಅಣ್ಣ ಕೊಟ್ಟ ಮಾತು, ಅಡ್ಡ ಬರಬ್ಯಾಡ್ರಿ" ಎಂದು ನಿಂತರು. ಅತ್ತೆಯವರೇ, ಅಂದು ನೀವಿಲ್ಲದಿದ್ದರೆ ನಮ್ಮಿಂದ ಆಗುತ್ತಿರಲಿಲ್ಲ.

ಅಂತ್ಯಕ್ರಿಯೆಯಿಂದ ಶಿವಗಣಾರಾಧನೆಯವರೆಗೆ ಅಡುಗೆ, ಶಾಮಿಯಾನ, ಕುರ್ಚಿಗಳ ಹೊಣೆ ಹೊತ್ತ ಓಣಿಯ ಯುವಕರಿಗೆ, ಹೆಸರು ಹೇಳದೆ ಹಾಲಿನ ಕ್ಯಾನು ಇಟ್ಟು ಹೋದವರಿಗೆ ನಮ್ಮ ನಮನಗಳು.

ಅಪ್ಪನಿಗಾಗಿ ಕೊಂಡ ಆಮ್ಲಜನಕದ ಯಂತ್ರ ಸುಸ್ಥಿತಿಯಲ್ಲಿದೆ, ಅದರ ಫಿಲ್ಟರ್ ಬದಲಾಯಿಸಿಟ್ಟಿದ್ದೇವೆ. ನಮ್ಮ ಬಡಾವಣೆಯಲ್ಲಾಗಲಿ, ಹಳೆಯ ಗಿರಣಿ ಕಾರ್ಮಿಕರ ಮನೆಗಳಲ್ಲಾಗಲಿ ಯಾರಿಗಾದರೂ ಬೇಕಾದರೆ ವೈದ್ಯರ ಚೀಟಿಯೊಂದಿಗೆ ಬಂದು ಒಯ್ಯಬಹುದು, ಬಾಡಿಗೆ ಕೊಡಬೇಕಾಗಿಲ್ಲ.