ಡಬ್ಬದ ಮೇಲಿನ 525

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮಕ್ಕಳಿಗೆ ಕೊಡಬಹುದಾದ ಉಡುಗೊರೆಗಳ ಪಟ್ಟಿ ಹಾಕಿದ್ದೀರಿ. ಅದರಲ್ಲಿ ಟೆಲಿಸ್ಕೋಪ್ ನೋಡಿ ಖುಷಿಯಾಯಿತು. ಆದರೆ ಪಕ್ಕದಲ್ಲೇ ‘525 ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಇತ್ತು ನೋಡಿ, ಅಲ್ಲಿಗೆ ಖುಷಿ ಇಳಿಯಿತು. ಆ 525 ನನಗೆ ಹಳೇ ಪರಿಚಯ. 2019ರ ದಸರಾ ರಜೆಯಲ್ಲಿ ಅದೇ ಸಂಖ್ಯೆ ನೋಡಿಯೇ ನಾನೂ ದುಡ್ಡು ಕೊಟ್ಟಿದ್ದೆ. ಆಗ ಮಗಳು ನಾಲ್ಕನೇ ಕ್ಲಾಸು.

ಮಳೆ ಬಿಟ್ಟ ಒಂದು ಸಂಜೆ ಅಡಿಕೆ ಒಣಹಾಕುವ ಅಂಗಳದಲ್ಲಿ ಟೆಲಿಸ್ಕೋಪ್ ನಿಲ್ಲಿಸಿದೆವು. ಪಡುವಣದಲ್ಲಿ ಗುರು ಹೊಳೆಯುತ್ತಿದ್ದ, ಸ್ವಲ್ಪ ಎಡಕ್ಕೆ ಮೇಲೆ ಶನಿ. 525 ಇರುವಾಗ ಕಡಿಮೆ ಯಾಕೆ ಅಂತ ಡಬ್ಬದಲ್ಲಿ ಇದ್ದ ಎಲ್ಲವನ್ನೂ ಒಂದಕ್ಕೊಂದು ಸಿಕ್ಕಿಸಿದೆ. ಕಂಡದ್ದು ಕತ್ತಲೆ. ಅರ್ಧ ಗಂಟೆ ತಡಕಾಡಿದ ಮೇಲೆ ಮಂಕು ಮಂಕಾದ ಒಂದು ಮುದ್ದೆ ತೇಲಿ ಬಂತು, ಮಗಳನ್ನು ಕರೆಯುವಷ್ಟರಲ್ಲಿ ಆಚೆ ಹೋಗಿಯೂ ಆಯಿತು. ಅವಳು ಕಣ್ಣಿಟ್ಟು ‘ಅಪ್ಪಾ, ನನ್ನ ರೆಪ್ಪೆ ಕಾಣ್ತಿದೆ’ ಎಂದಳು. ನಿಜವಾಗಿಯೂ ಅವಳಿಗೆ ಕಂಡದ್ದು ಅದೊಂದೇ. ನಮ್ಮ ಅತ್ತೆಗೆ ದೂರದರ್ಶಕ ಅಂದರೆ ಟಿವಿಯೇ, ಅವರು ಜಗಲಿಯಿಂದ ‘ಸಿಗ್ನಲ್ ಬರಲಿಲ್ವಾ?’ ಎಂದು ಕೇಳಿದರು.

ಟೆಲಿಸ್ಕೋಪು ಕೆಟ್ಟದ್ದಾಗಿರಲಿಲ್ಲ. ಕೆಟ್ಟದ್ದು ನಾವು ಕಣ್ಣಿಡುವ ಆ ತುಂಡು, ಐಪೀಸ್ ಅನ್ನುತ್ತಾರಲ್ಲ, ಹಳೇ ಕ್ಯಾಮೆರಾ ರೀಲಿನ ಡಬ್ಬಿಯಷ್ಟು ಇರುತ್ತದೆ, ಅದು. ಇದನ್ನು ಹೇಳುವುದಕ್ಕೇ ಈ ಪತ್ರ. ಮೊದಲ ಟೆಲಿಸ್ಕೋಪ್ ಕೊಳ್ಳುವವರು ಕೊಳವೆಯನ್ನು ನೋಡಿ ದುಡ್ಡು ಕೊಡುತ್ತಾರೆ. ಆದರೆ ಅದು ಅಟ್ಟ ಸೇರುತ್ತದೋ ಅಂಗಳದಲ್ಲೇ ಇರುತ್ತದೋ ಎಂಬುದನ್ನು ಹೆಚ್ಚಿನ ಸಲ ಈ ಸಣ್ಣ ತುಂಡುಗಳು ತೀರ್ಮಾನ ಮಾಡುತ್ತವೆ.

525 ಎಲ್ಲಿಂದ ಬಂತು ನೋಡಿ. ನಮ್ಮದು ಒಳಗಿನ ಕನ್ನಡಿಯಿಂದ ಬೆಳಕು ಕೂಡಿಸುವ ಜಾತಿಯದು. ಆ ಕನ್ನಡಿ 76 ಮಿಲಿಮೀಟರ್ ಅಗಲ, ನಾಭಿದೂರ, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಜಾಗಕ್ಕೆ ಇರುವ ದೂರ, 700 ಮಿಲಿಮೀಟರ್. ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ತಿಳಿಯಲು ಈ 700ನ್ನು ಐಪೀಸಿನ ಮೇಲಿರುವ ಸಂಖ್ಯೆಯಿಂದ ಭಾಗಿಸಬೇಕು, ಅಷ್ಟೇ ಲೆಕ್ಕ. ಡಬ್ಬದಲ್ಲಿ 20 ಮತ್ತು 4 ಎಂದು ಎರಡು ಐಪೀಸ್ ಇದ್ದವು. 20ರದ್ದು ಹಾಕಿದರೆ 35 ಪಟ್ಟು, 4ರದ್ದು ಹಾಕಿದರೆ 175. ಸಂಖ್ಯೆ ಸಣ್ಣದಾದಷ್ಟೂ ಚಿತ್ರ ದೊಡ್ಡದು, ಇಲ್ಲೇ ಎಲ್ಲರೂ ಮೊದಲು ಉಲ್ಟಾ ತಿಳಿಯುವುದು. ಜೊತೆಗೆ ಬಾರ್ಲೋ ಎಂಬ ಇನ್ನೊಂದು ಲೆನ್ಸ್ ಇತ್ತು, ಮಧ್ಯೆ ಸಿಕ್ಕಿಸಿದರೆ ಬಂದದ್ದನ್ನು ಮೂರು ಪಟ್ಟು ಮಾಡುತ್ತದೆ. 175 ಮೂರಲೆ 525. ಗಣಿತ ಸರಿಯಾಗಿಯೇ ಇದೆ, ಯಾರೂ ಸುಳ್ಳು ಬರೆದಿಲ್ಲ.

ಆದರೆ ಕನ್ನಡಿ ಎಷ್ಟು ಅಗಲ ಇದೆಯೋ ಅಷ್ಟೇ ಬೆಳಕು ಒಳಗೆ ಬರುವುದು. ಅದನ್ನು ಹಿಗ್ಗಿಸಿದಷ್ಟೂ ಮಂಕಾಗುತ್ತದೆ. ಒಂದು ಸೌಟು ಮೊಸರಿಗೆ ಒಂದು ಕೊಡ ನೀರು ಹೊಯ್ದು ಮಜ್ಜಿಗೆ ಅಂದ ಹಾಗೆ. ಆಕಾಶ ನೋಡುವವರು ಇಟ್ಟುಕೊಂಡಿರುವ ಸುಮಾರಾದ ಲೆಕ್ಕ ಏನೆಂದರೆ ಕನ್ನಡಿಯ ಮಿಲಿಮೀಟರಿನ ಎರಡರಷ್ಟು, ಅದಕ್ಕಿಂತ ಮೇಲೆ ಹೋದರೆ ಹೊಸದೇನೂ ಕಾಣುವುದಿಲ್ಲ. ನಮ್ಮದಕ್ಕೆ 152. ಅಂದರೆ ಬಾರ್ಲೋ ಇರಲಿ, ಆ 4ರ ಐಪೀಸ್ ಒಂದನ್ನೇ ಹಾಕಿದರೂ ಗೆರೆ ದಾಟಿತು. ಜೊತೆಗೆ 525 ಪಟ್ಟಿನಲ್ಲಿ ಕಾಣುವ ಆಕಾಶದ ಚೂರು ಎಷ್ಟು ಸಣ್ಣದು ಅಂದರೆ ಚಂದ್ರನ ಅಗಲದ ಏಳರಲ್ಲಿ ಒಂದು ಪಾಲು. ಭೂಮಿ ಸುಮ್ನೆ ನಿಂತಿಲ್ಲವಲ್ಲ, ಗಂಟೆಗೆ 15 ಡಿಗ್ರಿ ತಿರುಗುತ್ತಿದೆ, ಹಾಗಾಗಿ ಗುರು ಆ ಚೂರಿನಲ್ಲಿ 20 ಸೆಕೆಂಡ್ ಕೂಡ ನಿಲ್ಲುವುದಿಲ್ಲ. ಮಗಳಿಗೆ ರೆಪ್ಪೆ ಕಂಡದ್ದರಲ್ಲಿ ಅವಳ ತಪ್ಪೇನಿಲ್ಲ. 1610ರಲ್ಲಿ ಗೆಲಿಲಿಯೊ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನಲ್ಲಿ.

ಮಾರನೇ ದಿನ 20ರ ಐಪೀಸ್ ಒಂದನ್ನೇ ಹಾಕಿ ನೋಡಿದೆ. ಗುರು ಪುಟ್ಟ ಗುಂಡಗಿನ ಬೊಟ್ಟು, ಅದರ ಅಕ್ಕಪಕ್ಕ ಒಂದೇ ಗೆರೆಯಲ್ಲಿ ಚುಕ್ಕಿಗಳು. ಶನಿ ಎಳ್ಳಿನಷ್ಟು, ಆದರೆ ಎಳ್ಳಿಗೆ ಎರಡೂ ಕಡೆ ಕಿವಿ ಇತ್ತು. ಅತ್ತೆ ಕೂಡ ಬಂದು ನೋಡಿ, ಒಳಗೆ ಚಿತ್ರ ಅಂಟಿಸಿದ್ದೀಯಾ ಎಂದು ಕೊಳವೆಯ ಬಾಯಿಯ ಕಡೆ ಬಗ್ಗಿ ನೋಡಿದರು.

ಹಾಗಾದರೆ ಏನು ಕೊಳ್ಳಬೇಕು? ಮೊದಲ ಎರಡು ತಿಂಗಳು ಏನೂ ಬೇಡ. ದೊಡ್ಡ ಸಂಖ್ಯೆಯ ಐಪೀಸಿನಲ್ಲೇ ನೋಡಿ, ಕೈ ಪಳಗಲಿ. ಆಮೇಲೆ ಎರಡು ಒಳ್ಳೆಯ ಐಪೀಸ್ ಸಾಕು. ನನ್ನ ಹತ್ತಿರ ಇರುವುದು 32 ಮತ್ತು 12, ಎರಡೂ ಪ್ಲಾಸೆಲ್ ಅನ್ನುವ ಜಾತಿಯವು, 1860ರಲ್ಲಿ ವಿಯೆನ್ನಾದ ಪ್ಲಾಸೆಲ್ ಎಂಬಾತ ರೂಪಿಸಿದ್ದು, ಇವತ್ತಿಗೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಡಬ್ಬದ ಜೊತೆ ಬರುವುದರ ಮೇಲೆ ‘ಎಚ್’ ಎಂದಿದ್ದರೆ ಅದು ಹೈಗೆನ್ಸ್ ಎಂಬ ವಿಜ್ಞಾನಿಯ 17ನೇ ಶತಮಾನದ ವಿನ್ಯಾಸ. ಶನಿಯ ಕಿವಿ ಕಿವಿಯಲ್ಲ, ಉಂಗುರ ಎಂದು 1659ರಲ್ಲಿ ಬಿಡಿಸಿ ಹೇಳಿದ ದೊಡ್ಡ ಮನುಷ್ಯ ಅವನು, ಆದರೂ ಅವನ ಐಪೀಸನ್ನೇ ಈಗಲೂ ಬಳಸಬೇಕು ಅಂತೇನಿಲ್ಲ. 32ರಲ್ಲಿ ನಮಗೆ ಸಿಗುವುದು ಬರೀ 22 ಪಟ್ಟು, ಆದರೆ ಕೃತ್ತಿಕೆ ನಕ್ಷತ್ರಗಳು ಇಡೀ ಗುಂಪಾಗಿ ಒಳಗೆ ಕೂರುತ್ತವೆ, ಸುತ್ತ ಸ್ವಲ್ಪ ಕತ್ತಲೆಯೂ ಉಳಿಯುತ್ತದೆ. ಆ ಸುತ್ತಲಿನ ಕತ್ತಲೆ ಇದ್ದರೇ ಅದು ಚೆಂದ. 12ರಲ್ಲಿ 58 ಪಟ್ಟು. ಚಂದ್ರ ಪೂರ್ತಿ ಹಿಡಿಸುತ್ತಾನೆ, ಗುರುವಿನ ಮೈಮೇಲೆ ಎರಡು ಪಟ್ಟಿ ಕಾಣುತ್ತವೆ. ಶನಿಯ ವಿಷಯ ಒಂದು ಮಾತು. 2025ರ ಮಾರ್ಚಿನಲ್ಲಿ ಅದರ ಉಂಗುರ ಅಂಚು ತೋರಿಸಿಕೊಂಡು ನಮ್ಮ ಕಡೆ ತಿರುಗಿತ್ತು, ಈಗ ನಿಧಾನಕ್ಕೆ ತೆರೆದುಕೊಳ್ಳುತ್ತಿದೆ, ಪೂರ್ತಿ ಅಗಲ ಆಗುವುದು 2032ರ ಹೊತ್ತಿಗೆ. ಅಲ್ಲಿಯವರೆಗೆ ಉಂಗುರ ತೆಳ್ಳಗೆ ಕಂಡರೆ ಐಪೀಸಿಗೆ ಬೈಯಬೇಡಿ.

ಬಾರ್ಲೋ ಬೇಕೇ ಬೇಕು ಅನಿಸಿದರೆ ಎರಡು ಪಟ್ಟಿನದು ತೆಗೆದುಕೊಳ್ಳಿ, ಗಾಜಿನದೇ ಅಂತ ಕೇಳಿ, ಅಗ್ಗದ್ದರಲ್ಲಿ ಪ್ಲಾಸ್ಟಿಕ್ ಲೆನ್ಸ್ ಇರುತ್ತದೆ. ಇಲ್ಲೊಂದು ಲೆಕ್ಕ ತಪ್ಪುವುದುಂಟು. 20 ಮತ್ತು 10ರ ಐಪೀಸ್ ಇಟ್ಟುಕೊಂಡವರು ಎರಡು ಪಟ್ಟಿನ ಬಾರ್ಲೋ ಕೊಂಡರೆ ಚಿತ್ರ ಇಮ್ಮಡಿಯಾಗಿ 20ರದ್ದು 10ರದ್ದರ ಹಾಗೆ ಆಗುತ್ತದೆ, ಆ 10 ಮೊದಲೇ ಇತ್ತು! ನನ್ನ 32 ಮತ್ತು 12ಕ್ಕೆ ಬಾರ್ಲೋ ಸೇರಿದರೆ 16 ಮತ್ತು 6 ಸಿಗುತ್ತವೆ, ನಾಲ್ಕೂ ಬೇರೆ ಬೇರೆ. 6 ಅಂದರೆ 117 ಪಟ್ಟು, 152ರ ಒಳಗೇ ಇದೆ. ಪೆಟ್ಟಿಗೆ ತುಂಬ ಹತ್ತು ಹನ್ನೆರಡು ಐಪೀಸ್, ಬಣ್ಣ ಬಣ್ಣದ ಫಿಲ್ಟರ್ ಜೋಡಿಸಿ ಮಾರುವ ಸೆಟ್ ಬರುತ್ತದಲ್ಲ, ನೋಡಲು ಒಡವೆ ಪೆಟ್ಟಿಗೆ ಹಾಗೆ ಇರುತ್ತದೆ, ಮನಸ್ಸು ಹೋಗುತ್ತದೆ. ಸಣ್ಣ ಟೆಲಿಸ್ಕೋಪಿಗೆ ಅದರಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು, ಆರ್ಡರ್ ಮಾಡುವ ಮೊದಲು ಐಪೀಸ್ ಕೂರುವ ತೂತನ್ನು ಸ್ಕೇಲಿನಲ್ಲಿ ಅಳೆಯಿರಿ. ಒಂದೂಕಾಲು ಇಂಚು ಇದ್ದರೆ ಸರಿ. ಹಳೇದೊಂದು ಅಳತೆ ಒಂದು ಇಂಚಿಗಿಂತ ಕೂದಲಷ್ಟು ಕಮ್ಮಿ, ಅದಕ್ಕೆ ಇವು ಕೂರುವುದಿಲ್ಲ.

ಕನ್ನಡಕ ಹಾಕುವವರ ಕಷ್ಟ ಬೇರೆ. ನಾನೂ ಅವರಲ್ಲಿ ಒಬ್ಬ. ಐಪೀಸಿನ ಸಂಖ್ಯೆ ಸಣ್ಣದಾದಷ್ಟೂ ಕಣ್ಣನ್ನು ಗಾಜಿಗೆ ಒತ್ತಿಕೊಂಡೇ ನೋಡಬೇಕು. 4ರದ್ದರಲ್ಲಂತೂ ಸೂಜಿ ತೂತಿನಲ್ಲಿ ಇಣುಕಿದ ಹಾಗೆ, ರೆಪ್ಪೆ ಬಡಿದು ಬಡಿದು ಗಾಜಿಗೆ ಎಣ್ಣೆ ಅಂಟುತ್ತದೆ. ಬರೀ ದೂರದ್ದೋ ಹತ್ತಿರದ್ದೋ ಕಾಣದವರು ಕನ್ನಡಕ ತೆಗೆದು ಫೋಕಸ್ ತಿರುಗಿಸಿಕೊಂಡರೆ ಆಯಿತು, ಏನೂ ತೊಂದರೆ ಇಲ್ಲ. ಸಿಲಿಂಡರ್ ಪವರ್ ಜಾಸ್ತಿ ಇದ್ದವರು ಕನ್ನಡಕ ಬಿಡಲಾಗುವುದಿಲ್ಲ, ಅವರು ಕಣ್ಣಿಗೂ ಗಾಜಿಗೂ ಮಧ್ಯೆ 15ರಿಂದ 20 ಮಿಲಿಮೀಟರ್ ಜಾಗ ಕೊಡುವ ಐಪೀಸ್ ಕೇಳಿ ಪಡೆಯಬೇಕು. ‘ಐ ರಿಲೀಫ್’ ಅಂದರೆ ಅಂಗಡಿಯವರಿಗೆ ಗೊತ್ತಾಗುತ್ತದೆ.

ಇನ್ನು ಉಳಿದ ಸಾಮಾನು. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು ಒಂದು ಕುರ್ಚಿ. ನಗಬೇಡಿ. ಸೊಂಟ ಬಗ್ಗಿಸಿ ನಿಂತವನಿಗೆ ಏನೂ ಕಾಣುವುದಿಲ್ಲ, ಕೂತು ಐದು ನಿಮಿಷ ಸುಮ್ಮನೆ ನೋಡಿದರೆ ಗುರುವಿನ ಪಟ್ಟಿ ತಾನಾಗಿ ಎದ್ದು ಬರುತ್ತದೆ. ಟೆಲಿಸ್ಕೋಪ್ ಜೊತೆ ಬರುವ ಸ್ಟ್ಯಾಂಡ್ ಕೊಕ್ಕರೆ ಕಾಲಿನದು, ಮುಟ್ಟಿದರೆ ಗ್ರಹ ಸೊಳ್ಳೆ ಹಾಗೆ ಕುಣಿಯುತ್ತದೆ. ಮೂರು ಕಾಲಿನ ನಡುವೆ ಮರಳು ತುಂಬಿದ ಚೀಲ ನೇತುಹಾಕಿ, ಕಾಲುಗಳನ್ನು ಪೂರ್ತಿ ಎಳೆಯಬೇಡಿ. ಟಾರ್ಚಿಗೆ ಕೆಂಪು ಕಾಗದ ಕಟ್ಟಿ, ಇಲ್ಲದಿದ್ದರೆ ಕತ್ತಲೆಗೆ ಹೊಂದಿಕೊಂಡ ಕಣ್ಣು ಒಂದೇ ಕ್ಷಣದಲ್ಲಿ ಮೊದಲಿನ ಹಾಗೆ ಆಗುತ್ತದೆ. ಗುರಿ ಹಿಡಿಯಲು ಕೊಳವೆಯ ಮೇಲೆ ಕೂರುವ ಸಣ್ಣ ಫೈಂಡರನ್ನು ಹಗಲಲ್ಲೇ ಸರಿಮಾಡಿಕೊಳ್ಳಿ, ದೂರದ ಮೊಬೈಲ್ ಟವರ್ ತುದಿಗೆ ಹಿಡಿದು, ಸೂರ್ಯನಿಗೆ ಬೆನ್ನು ಹಾಕಿ. ಚಂದ್ರನ ಫಿಲ್ಟರಿಗೆ ದುಡ್ಡು ದಂಡ, ಬೆಳಕು ಚುಚ್ಚಿದರೆ ಜಗಲಿ ದೀಪ ಹಾಕಿಟ್ಟು ನೋಡಿ, ಸಾಕು. ಚಿತ್ರ ತಲೆಕೆಳಗಾಗಿ ಕಂಡರೆ ವಾಪಸ್ ಕಳಿಸಬೇಡಿ, ಕನ್ನಡಿ ಟೆಲಿಸ್ಕೋಪ್ ಇರುವುದೇ ಹಾಗೆ.

ಮಲೆನಾಡಿನವರಿಗೆ ಬೇರೆಯೇ ಒಂದು ತಲೆನೋವು ಇದೆ, ಅದನ್ನು ಯಾವ ಕೈಪಿಡಿಯಲ್ಲೂ ನಾನು ಓದಲಿಲ್ಲ. ಬೂಸಲು. ಮೊದಲನೇ ಮಳೆಗಾಲದಲ್ಲಿ ಐಪೀಸನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೆ. ನವರಾತ್ರಿಗೆ ತೆಗೆದರೆ ಗಾಜಿನ ಒಳಗೆ ಜೇಡರ ಬಲೆಯ ಎಳೆ ಹಾಗೆ ಬಿಳಿ ಗೆರೆ. ಪಂಚೆ ತುದಿಯಲ್ಲಿ ಒರೆಸಿದೆ, ಒಳಗಿನದು ಹೋಗಲಿಲ್ಲ, ಹೊರಗೆ ಗೀರು ಬಿತ್ತು. ಈಗ ರಬ್ಬರ್ ಪಟ್ಟಿ ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ, ಹರಳು ನೀಲಿಯಿಂದ ಗುಲಾಬಿಗೆ ತಿರುಗಿದರೆ ಹೊಸದು ಹಾಕುತ್ತೇನೆ. ಆ ನೀಲಿ ಹರಳನ್ನು ಅಡುಗೆ ಬಾಣಲೆಯಲ್ಲಿ ಹುರಿಯಬೇಡಿ, ಅದು ಹೊಟ್ಟೆಗೆ ಹೋಗುವಂಥದ್ದಲ್ಲ. ನುಸಿಗುಳಿಗೆಯನ್ನಂತೂ ಪಕ್ಕದಲ್ಲಿ ಇಡಲೇಬೇಡಿ. ದೂಳು ಕೂತರೆ ಕ್ಯಾಮೆರಾದವರು ಬಳಸುವ ರಬ್ಬರ್ ಬಲ್ಬಿನಿಂದ ಊದಿ. ಚಳಿಗಾಲದಲ್ಲಿ ಇಬ್ಬನಿ ಬಿದ್ದಾಗ, ಸದ್ಯ ಬಳಸದ ಐಪೀಸನ್ನು ಮುಚ್ಚಳ ಹಾಕಿ ಸ್ವೆಟರ್ ಜೇಬಿನಲ್ಲಿ ಇಟ್ಟುಕೊಂಡರೆ ಮಂಜು ಕಟ್ಟುವುದಿಲ್ಲ.

ಆ ಡಬ್ಬದಲ್ಲಿ ಇದ್ದ ಇನ್ನೊಂದು ವಸ್ತುವಿನ ಬಗ್ಗೆ ಮಾತ್ರ ತಮಾಷೆ ಇಲ್ಲ. ನಾಲ್ಕಾಣೆಯಷ್ಟು ದೊಡ್ಡ ಕಪ್ಪು ಗಾಜು, ಅಂಚಿನಲ್ಲಿ ‘ಸನ್’ ಎಂದು ಬರೆದಿತ್ತು, ಐಪೀಸಿಗೆ ತಿರುಗಿಸಿ ಹಾಕುವುದು. ಕನ್ನಡಿ ಕೂಡಿಸಿದ ಬಿಸಿಲೆಲ್ಲ ಬಂದು ಬೀಳುವ ಜಾಗ ಅದೇ. ಗಾಜು ಕಾದು ಪಟ್ ಎಂದು ಸೀಳಿದರೆ ಕಣ್ಣು ಮುಚ್ಚಲೂ ಸಮಯ ಸಿಗುವುದಿಲ್ಲ, ದೃಷ್ಟಿ ಹೋದದ್ದು ಹೋದದ್ದೇ. ಸೂರ್ಯನನ್ನು ನೋಡುವುದಿದ್ದರೆ ಕೊಳವೆಯ ಮುಂದಿನ ಬಾಯಿಯನ್ನು ಪೂರ್ತಿ ಮುಚ್ಚುವ, ಅದಕ್ಕೆಂದೇ ಮಾಡಿದ ಸೌರ ಫಿಲ್ಟರ್ ಬೇಕು. ಕಣ್ಣಿನ ಕಡೆ ಹಾಕುವುದು ಯಾವುದೂ ಆಗುವುದಿಲ್ಲ. 2019ರ ಡಿಸೆಂಬರ್ 26ರಂದು ಕೊಡಗು, ದಕ್ಷಿಣ ಕನ್ನಡದ ಕಡೆ ಕಂಕಣ ಗ್ರಹಣ ಆದಾಗ ನಮ್ಮ ಸಾಗರದಲ್ಲೂ ಸೂರ್ಯ ಮುಕ್ಕಾಲಿಗಿಂತ ಜಾಸ್ತಿ ಮುಚ್ಚಿದ್ದ. ಮಗಳು ಅದೇ ಗಾಜು ಹಿಡಿದು ಹಿಂದೆ ಹಿಂದೆ ಬರುತ್ತಿದ್ದಳು. ಕಸಿದುಕೊಂಡು ಕಲ್ಲಿನಲ್ಲಿ ಜಜ್ಜಿ ಹಾಕಿದೆ, ಅವಳು ಅತ್ತಳು. ಆಮೇಲೆ ಹಲಸಿನ ಮರದ ಕೆಳಗೆ ಕರೆದುಕೊಂಡು ಹೋದೆ. ಎಲೆಗಳ ಸಂದಿಯಿಂದ ಬಿದ್ದ ಬೆಳಕೆಲ್ಲ ನೆಲದ ಮೇಲೆ ಕುಡುಗೋಲಿನ ಆಕಾರದಲ್ಲಿತ್ತು, ನೂರಾರು. ಅಳು ನಿಂತಿತು.

ಬೆಂಗಳೂರಿನ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯ ಹತ್ತಿರ ಇರುವವರು ಕೊಳ್ಳುವ ಮೊದಲು ಅಲ್ಲಿ ವಿಚಾರಿಸಲಿ, ಹವ್ಯಾಸಿಗಳ ಪರಿಚಯ ಆಗುತ್ತದೆ, ಬೇರೆಯವರ ಐಪೀಸಿನಲ್ಲಿ ಒಂದು ಸಲ ಕಣ್ಣಿಟ್ಟು ನೋಡಿದರೆ ಈ ಪತ್ರ ಓದುವ ಕೆಲಸವೂ ಉಳಿಯುತ್ತದೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಇಂಥ ಪಟ್ಟಿ ಹಾಕುವಾಗ ಎಷ್ಟು ಪಟ್ಟು ಎಂಬುದನ್ನು ಕೈಬಿಟ್ಟು, ಬೆಲೆಯ ಪಕ್ಕ ಕನ್ನಡಿಯ ಅಗಲ, ನಾಭಿದೂರ, ಜೊತೆಗೆ ಬರುವ ಐಪೀಸಿನ ಸಂಖ್ಯೆ, ಈ ಮೂರನ್ನು ಹಾಕಿ. ಭಾಗಾಕಾರ ಓದುಗರೇ ಮಾಡಿಕೊಳ್ಳುತ್ತಾರೆ. ಸೂರ್ಯನ ಗಾಜು ಡಬ್ಬದಲ್ಲಿ ಇದ್ದರೆ ಅದನ್ನೂ ಹೇಳಿ, ಮನೆಗೆ ತಂದ ಕೂಡಲೇ ಮೊದಲು ಬಿಸಾಡಬೇಕಾದ್ದು ಯಾವುದು ಎಂದು ಗೊತ್ತಿರಲಿ.

ಇಂತಿ,
ನಿಮ್ಮ ಓದುಗ, ಸಾಗರ