ಹೊಸ ಮುಖ್ಯಸ್ಥರು ಮೊದಲು ತರಬೇತಿಗೆ ಬರಲಿ

ಸಂಪಾದಕರೇ,

ಅಪರಾಧದಿಂದ ನೊಂದವರ ಜೊತೆ ನಿಲ್ಲುವ ಸಣ್ಣ ಸಣ್ಣ ಸಂಸ್ಥೆಗಳ ಒಂದು ಒಕ್ಕೂಟದಲ್ಲಿ ನಾನು ತರಬೇತಿ ಕೊಡುತ್ತೇನೆ. ನಮ್ಮ ನಿರ್ದೇಶಕಿ ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಅರ್ಜಿ ಕರೆದು ಕಾರ್ಯಕಾರಿ ಸಮಿತಿ ಪ್ರಕಟಣೆ ಹೊರಡಿಸಿದೆ. ಅದನ್ನು ಓದಿದ ಮೇಲೆ ಸುಮ್ನೆ ಇರೋದಕ್ಕೆ ಆಗಲಿಲ್ಲ.

ಆಡಳಿತ ವಿಷಯದಲ್ಲಿ ಪದವಿ ಇರಬೇಕಂತೆ. ದೇಣಿಗೆ ತಂದ ಅನುಭವ ಬೇಕಂತೆ. ವರದಿ ಬರೆಯೋದು, ಲೆಕ್ಕಪತ್ರ ನೋಡೋದು, ಇಲಾಖೆಗಳ ಜೊತೆ ಮಾತಾಡೋದು ಬರಬೇಕಂತೆ. ಯಾವುದೂ ತಪ್ಪಲ್ಲ. ಆದರೆ ಠಾಣೆಯಲ್ಲೋ ಕೋರ್ಟಿನಲ್ಲೋ ನೊಂದವರೊಬ್ಬರ ಪಕ್ಕ ಕೂತ ಅನುಭವ ಇರಬೇಕು ಅನ್ನುವ ಒಂದು ಸಾಲೂ ಅದರಲ್ಲಿಲ್ಲ. ಕೂತಿಲ್ಲದಿದ್ದರೆ ಬಂದ ಮೇಲೆ ಕಲಿಯಬೇಕು ಅನ್ನುವ ಮಾತೂ ಇಲ್ಲ. ಇದರ ಜೊತೆಗೇ ಸಮಿತಿಯಲ್ಲಿ ಇನ್ನೊಂದು ಮಾತು ಓಡಾಡುತ್ತಿದೆ. ಹೊಸ ಕಾರ್ಯಕರ್ತರಿಗೆ ಕೂರಿಸಿ ಕಲಿಸುವ ತರಬೇತಿಯನ್ನು ನಿಲ್ಲಿಸಿ, ವಿಡಿಯೊ ಮಾಡಿ ಕಳಿಸಿಬಿಡೋಣ, ಕೊನೆಗೊಂದು ಪ್ರಶ್ನೆಪತ್ರಿಕೆ ಇಡೋಣ, ಪಾಸಾದವರಿಗೆ ಸರ್ಟಿಫಿಕೇಟ್ ಕೊಡೋಣ ಅಂತ.

ಒಕ್ಕೂಟ ನೇರವಾಗಿ ಕೇಸು ನೋಡುವುದಿಲ್ಲ, ಕೇಸು ನೋಡುವವರನ್ನು ನೋಡಿಕೊಳ್ಳುತ್ತದೆ. ಇದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಸದಸ್ಯ ಸಂಸ್ಥೆಗಳಲ್ಲಿ ಹೆಚ್ಚಿನವು ಇಬ್ಬರು ಮೂವರು ನಡೆಸುವಂಥವು. ಕಾನೂನು ಬದಲಾದರೆ ಅವರಿಗೆ ತಿಳಿಸುವುದು, ಹೊಸಬರಿಗೆ ಕಲಿಸುವುದು, ಹಳಬರು ಕುಸಿದಾಗ ಕೂರಿಸಿ ಮಾತಾಡುವುದು, ಅವರ ಕಷ್ಟವನ್ನು ಸರ್ಕಾರದ ಮುಂದೆ ಇಡುವುದು ಒಕ್ಕೂಟದ ಕೆಲಸ. ರಾತ್ರಿ ಆಸ್ಪತ್ರೆಯಿಂದ ಕಾರ್ಯಕರ್ತೆಯೊಬ್ಬಳು, "ಮೇಡಂ, ಇಲ್ಲಿ ಪರೀಕ್ಷೆ ಮಾಡೋಕೆ ಒಪ್ತಿಲ್ಲ, ಏನ್ಮಾಡ್ಲಿ?" ಅಂತ ಫೋನ್ ಮಾಡೋದು ನಮ್ಮ ನಿರ್ದೇಶಕಿಗೇ. ಅವರು ಎದ್ದು ಕೂತು ಉತ್ತರ ಕೊಡುತ್ತಾರೆ. ಯಾಕೆಂದರೆ ಅವರೂ ಒಂದು ಕಾಲದಲ್ಲಿ ಅದೇ ಆಸ್ಪತ್ರೆ ಬಾಗಿಲಲ್ಲಿ ನಿಂತವರು. ನಾಳೆ ಆ ಫೋನ್ ಯಾರಿಗೆ ಹೋಗುತ್ತೆ?

ತರಬೇತಿ ಅಂದರೆ ಸೆಕ್ಷನ್ನುಗಳನ್ನು ಬಾಯಿಪಾಠ ಮಾಡಿಸೋದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸೆಕ್ಷನ್ನಿಗೆ ವಿಡಿಯೊ ಸಾಕು, ಒಪ್ಪುತ್ತೇನೆ. ವಿಡಿಯೊದಲ್ಲಿ ಬರದಿರುವುದು ಏನು ಅಂತ ಹೇಳುತ್ತೇನೆ.

ಮೊದಲ ದಿನ ಮಧ್ಯಾಹ್ನ ನಾವು ಫೋನ್ ಕರೆಯ ಅಭ್ಯಾಸ ಮಾಡಿಸುತ್ತೇವೆ. ನಾನು ನೊಂದವಳ ತಾಯಿ ಆಗುತ್ತೇನೆ, ಹೊಸಬರು ಕಾರ್ಯಕರ್ತರು. ಬೆನ್ನಿಗೆ ಬೆನ್ನು ಮಾಡಿ ಕೂರುತ್ತೇವೆ, ಮುಖ ಕಾಣಬಾರದು. ನಾನು ಅಳುತ್ತಾ ಒಂದೆರಡು ಮಾತು ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಮಂದಿ ತಕ್ಷಣ ಹೇಳೋದು, "ಅಳ್ಬೇಡಿ ಅಮ್ಮಾ, ಎಲ್ಲಾ ಸರಿಹೋಗುತ್ತೆ." ಅಲ್ಲಿಗೇ ನಿಲ್ಲಿಸುತ್ತೇನೆ. ಸರಿಹೋಗುತ್ತೆ ಅಂತ ನಿಮಗೆ ಹೇಗೆ ಗೊತ್ತು? ಆ ತಾಯಿಗೆ ಆಗ ಬೇಕಾಗಿರುವುದು ಭರವಸೆ ಅಲ್ಲ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ: "ಈಗ ಮಾತಾಡೋಕೆ ಆಗುತ್ತಾ? ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಲೈನ್ ಕಟ್ ಆದ್ರೆ ನಾನೇ ವಾಪಸ್ ಮಾಡ್ಬಹುದಾ, ಬೇಡ್ವಾ?" ತಪ್ಪು ಮಾಡಿದವನು ಅದೇ ಮನೆಯಲ್ಲಿದ್ದು, ನಾವು ವಾಪಸ್ ಮಾಡಿದ ಕರೆಯನ್ನು ಅವನೇ ಎತ್ತಿದರೆ? ಆ ಮೂರು ಪ್ರಶ್ನೆ ಬಾಯಿಗೆ ತಾನಾಗಿ ಬರುವ ತನಕ ಅಭ್ಯಾಸ ಮಾಡಿಸುತ್ತೇವೆ. ಆಮೇಲೆ ಸುಮ್ಮನಿರುವುದನ್ನು ಕಲಿಸುತ್ತೇವೆ. ಇದು ಎಲ್ಲಕ್ಕಿಂತ ಕಷ್ಟ. ಆ ಕಡೆಯವರು ಮಾತು ನಿಲ್ಲಿಸಿದರೆ ಈ ಕಡೆಯವರಿಗೆ ಕೈಕಾಲು ಆಡುವುದಿಲ್ಲ, ಏನಾದರೂ ತುಂಬಿಸಿಬಿಡುತ್ತಾರೆ.

ಒಂದು ಬ್ಯಾಚಿನಲ್ಲಿ ವರ್ಷಗಟ್ಟಲೆ ವಕೀಲಿಕೆ ಮಾಡಿದವರೊಬ್ಬರು ಇದ್ದರು. ಕಾನೂನಿನಲ್ಲಿ ಅವರಿಗೆ ನಾವೇನೂ ಹೇಳಿಕೊಡುವಂತಿರಲಿಲ್ಲ. ಆದರೆ ಅಭ್ಯಾಸದ ಕರೆಯಲ್ಲಿ ಶುರುವಾಯಿತು ನೋಡಿ: ಎಷ್ಟು ಗಂಟೆಗೆ? ಯಾಕೆ ಅಷ್ಟೊತ್ತಿಗೆ ಹೋಗಿದ್ರಿ? ಯಾಕೆ ಕೂಗಲಿಲ್ಲ? ಘಟನೆಯನ್ನು ಕ್ರಮವಾಗಿ ಹೇಳಿ. ಭಯದಲ್ಲಿ ಸಿಕ್ಕಿಕೊಂಡವರ ನೆನಪು ಕ್ರಮವಾಗಿ ಬರುವುದಿಲ್ಲ. ಕೊನೆಯದು ಮೊದಲು ಬರುತ್ತೆ, ನಡುವಿನದು ಬರುವುದೇ ಇಲ್ಲ, ಅವನ ಅಂಗಿಯ ಗುಂಡಿ ಮಾತ್ರ ಚೆನ್ನಾಗಿ ನೆನಪಿರುತ್ತೆ. ಅದನ್ನು ಸುಳ್ಳು ಅಂದುಕೊಳ್ಳಬಾರದು. ಆ ವಕೀಲರು ಎರಡನೇ ದಿನ ಕಲಿತುಬಿಟ್ಟರು, ಈಗ ನಮ್ಮ ಒಳ್ಳೆಯ ತರಬೇತುದಾರರಲ್ಲಿ ಒಬ್ಬರು. ಎದುರಿಗೆ ಕೂತು ತಡೆಯುವವರು ಇದ್ದರು, ಅದಕ್ಕೆ ಕಲಿತರು. ವಿಡಿಯೊ ಯಾರನ್ನು ತಡೆಯುತ್ತೆ?

ಕೋರ್ಟಿನ ವಿಷಯಕ್ಕೆ ಬರೋಣ. ಸಾಕ್ಷಿ ಹೇಳುವ ದಿನಕ್ಕಿಂತ ಮುಂಚೆಯೇ ಒಮ್ಮೆ ಕರೆದುಕೊಂಡು ಹೋಗಿ ಖಾಲಿ ಕೋಣೆ ತೋರಿಸಿ, ಅಂತ ಹೇಳಿಕೊಡುತ್ತೇವೆ. ಜಡ್ಜ್ ಎಲ್ಲಿ ಕೂರುತ್ತಾರೆ, ನೀವು ಎಲ್ಲಿ ನಿಲ್ಲುತ್ತೀರಿ, ಅವನು ಎಲ್ಲಿರುತ್ತಾನೆ, ಶೌಚಾಲಯ ಎಲ್ಲಿದೆ. ಹೊರಗೆ ಕಾಯುವ ಬೆಂಚಿನಲ್ಲಿ ಅವನ ಕಡೆಯವರೂ ಕೂತಿರುತ್ತಾರೆ. ಹಾಗಾಗಿ ಎಲ್ಲಿ ಕೂರಿಸಬೇಕು, ಯಾರ ಕಣ್ಣಿಗೆ ಯಾರು ಅಡ್ಡ ಕೂರಬೇಕು ಅಂತ ಮೊದಲೇ ನೋಡಿಕೊಳ್ಳಬೇಕು. ಇನ್ನೂ ಮುಖ್ಯವಾದದ್ದು: ಏನು ಹೇಳಬೇಕು ಅಂತ ಒಂದಕ್ಷರ ಹೇಳಿಕೊಡಬಾರದು. ಪಾಟೀ ಸವಾಲಿನಲ್ಲಿ ಎದುರು ವಕೀಲರು ಮೊದಲು ಹುಡುಕುವುದೇ ಅದನ್ನ. "ನಿಮ್ಮ ಜೊತೆ ಬಂದವರು ಹೇಳಿಕೊಟ್ಟಿದ್ದಲ್ವಾ ಇದು?" ಒಳ್ಳೆಯ ಮನಸ್ಸಿನಿಂದ ಒಂದು ಮಾತು ಜಾಸ್ತಿ ಆಡಿದ ಕಾರ್ಯಕರ್ತೆಯಿಂದ ಕೇಸೇ ಸಡಿಲವಾಗಬಹುದು.

ನೊಂದವರು ಅಂದರೆ ಬರೀ ಹೆಣ್ಣುಮಕ್ಕಳು ಅಂತಲೂ ಅಲ್ಲ. ಆನ್‌ಲೈನ್ ಮೋಸದಲ್ಲಿ ಕೂಡಿಟ್ಟ ಹಣವನ್ನೆಲ್ಲ ಕಳೆದುಕೊಂಡು ಮಕ್ಕಳಿಗೂ ಹೇಳಲಾಗದೆ ಕೂತಿರುವ ಹಿರಿಯರು ಇದ್ದಾರೆ. ಕೊಲೆಯಾದವರ ಮನೆಯವರು ಇದ್ದಾರೆ. ಸತ್ತ ಮಗನ ವಾಚು, ಪರ್ಸು, ಚಪ್ಪಲಿಯನ್ನು ಒಂದು ಕವರಿನಲ್ಲಿ ಹಾಕಿ, ಮೊದಲೇ ಏನೂ ಹೇಳದೆ ಟೇಬಲ್ ಮೇಲೆ ಇಟ್ಟರೆ ಆ ತಂದೆಗೆ ಹೇಗಾಗುತ್ತೆ? "ಒಳಗೆ ಏನೇನಿದೆ ಅಂತ ಮೊದಲು ಹೇಳ್ತೀನಿ, ಈಗಲೇ ನೋಡ್ತೀರಾ, ಆಮೇಲೆ ನೋಡ್ತೀರಾ?" ಅಂತ ಕೇಳೋದಕ್ಕೆ ಯಾವ ಪದವಿಯೂ ಬೇಡ. ಆದರೆ ಯಾರಾದರೂ ಕಲಿಸಬೇಕು.

ತರಬೇತಿಯಿಂದ ಫಲ ಏನು ಅಂತ ಲೆಕ್ಕ ಕೇಳುವವರಿಗೆ ಒಂದು ಉದಾಹರಣೆ ಕೊಡಬಲ್ಲೆ. ಅಮೆರಿಕದ ಸಂಶೋಧಕಿ ರೆಬೆಕಾ ಕ್ಯಾಂಪ್‌ಬೆಲ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಆಸ್ಪತ್ರೆಗಳನ್ನು ಹೋಲಿಸಿದ್ದಾರೆ. ಅತ್ಯಾಚಾರಕ್ಕೆ ಒಳಗಾದವರ ಜೊತೆ ನಿಲ್ಲಲು ಒಂದರಲ್ಲಿ ತರಬೇತಾದ ಕಾರ್ಯಕರ್ತರಿದ್ದರು, ಇನ್ನೊಂದರಲ್ಲಿ ಇರಲಿಲ್ಲ. ಇದ್ದ ಕಡೆ ಪೊಲೀಸರು ದೂರು ಬರೆದುಕೊಂಡಿದ್ದು ಜಾಸ್ತಿ, ಚಿಕಿತ್ಸೆ ಸಿಕ್ಕಿದ್ದು ಜಾಸ್ತಿ, ಅಧಿಕಾರಿಗಳಿಂದ ಮನಸ್ಸಿಗೆ ಮತ್ತೆ ಪೆಟ್ಟು ಬಿದ್ದಿದ್ದು ಕಡಿಮೆ.

ಇದು ನಾನೊಬ್ಬಳೇ ಹಿಡಿದ ಹಟವೂ ಅಲ್ಲ. 1985ರ ನವೆಂಬರಿನಲ್ಲಿ ವಿಶ್ವಸಂಸ್ಥೆ ಅಪರಾಧ ಸಂತ್ರಸ್ತರ ನ್ಯಾಯದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಪೊಲೀಸ್, ನ್ಯಾಯಾಂಗ, ಆರೋಗ್ಯ, ಸಮಾಜಸೇವೆ ಇವುಗಳಲ್ಲಿ ಇರುವವರಿಗೆ ಸಂತ್ರಸ್ತರ ಅಗತ್ಯ ಅರ್ಥವಾಗುವಂಥ ತರಬೇತಿ ಕೊಡಬೇಕು ಅಂತ ಅದರಲ್ಲೇ ಬರೆದಿದೆ. ಯುರೋಪ್ ಒಕ್ಕೂಟ 2012ರ ನಿರ್ದೇಶನದಲ್ಲಿ ಅದನ್ನೇ ಇನ್ನೂ ಬಿಗಿಯಾಗಿ ಹೇಳಿತು. ನಮ್ಮ ದೇಶದಲ್ಲೂ ಕಾನೂನು ನಿಧಾನವಾಗಿ ಈ ಕಡೆ ತಿರುಗಿದೆ. ಸಂತ್ರಸ್ತರು ಯಾರು ಅಂತ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬರೆದಿದ್ದು 2008ರ ತಿದ್ದುಪಡಿಯಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಪೊಲೀಸರು ತಿಳಿಸಬೇಕು ಅನ್ನುತ್ತದೆ. ಚೆನ್ನಾಗಿದೆ. ಆದರೆ 91ನೇ ದಿನ ಠಾಣೆಗೆ ಹೋಗಿ "ತಿಳಿಸಿ ಸಾರ್" ಅಂತ ಕೇಳುವ ಧೈರ್ಯ ಎಷ್ಟು ಮನೆಯವರಿಗಿದೆ? ಜೊತೆಗೆ ಹೋಗುವವರು ಬೇಕು. ಹೋಗುವವರಿಗೆ ಆ ನಿಯಮ ಗೊತ್ತಿರಬೇಕು, ಜಗಳ ಮಾಡದೆ ಕೇಳುವ ರೀತಿಯೂ ಗೊತ್ತಿರಬೇಕು.

ಹಣದ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಅಮೆರಿಕದಲ್ಲಿ 1984ರ ಕಾನೂನಿನಿಂದ ಸಂತ್ರಸ್ತರಿಗಾಗಿ ಒಂದು ದೊಡ್ಡ ನಿಧಿಯೇ ಇದೆ. ಅದಕ್ಕೆ ಹಣ ಬರುವುದು ಮುಖ್ಯವಾಗಿ ಅಪರಾಧಿಗಳು ಕಟ್ಟುವ ದಂಡದಿಂದ. ದಂಡದ ವಸೂಲಿ ಇಳಿದಾಗ ನಿಧಿಯೂ ಇಳಿಯಿತು, ನಿಧಿಗೆ ಬೇರೆ ದಾರಿಯಿಂದಲೂ ಹಣ ಬರಲಿ ಅಂತ 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಅಷ್ಟು ದೊಡ್ಡ ವ್ಯವಸ್ಥೆಯೇ ಹೀಗೆ ಅಲ್ಲಾಡಿದರೆ ನಮ್ಮಂಥವರ ಪಾಡು ಹೇಳಬೇಕಾ? ದೇಣಿಗೆ ತರಬಲ್ಲವರು ಬೇಕೇ ಬೇಕು. ಫೀಲ್ಡಿನಿಂದ ಬಂದ ನಮ್ಮವರು ಎಷ್ಟೋ ಜನ ಲೆಕ್ಕದಲ್ಲಿ ದಡ್ಡರು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೊರಗಿನಿಂದ ಬಂದು ತುಂಬಾ ಚೆನ್ನಾಗಿ ನಡೆಸಿದವರೂ ಇದ್ದಾರೆ.

ಹಾಗಾಗಿ ಒಳಗಿನವರೇ ಬರಬೇಕು ಅಂತ ನಾನು ಕೇಳುತ್ತಿಲ್ಲ. ಯಾರೇ ಬರಲಿ, ಕುರ್ಚಿಯಲ್ಲಿ ಕೂರುವ ಮೊದಲು ಹೊಸ ಕಾರ್ಯಕರ್ತರ ಜೊತೆ ಪೂರ್ತಿ ತರಬೇತಿಗೆ ಕೂರಲಿ. ಉದ್ಘಾಟನೆಗೆ ಬಂದು ದೀಪ ಹಚ್ಚಿ ಹೋಗೋದಲ್ಲ, ಪೂರ್ತಿ. ಬೆನ್ನಿಗೆ ಬೆನ್ನು ಮಾಡಿ ಫೋನ್ ಅಭ್ಯಾಸ ಮಾಡಲಿ. ಒಪ್ಪಿಗೆ ಕೊಟ್ಟವರ ಜೊತೆ ಮಾತ್ರ, ಬಾಯಿ ಬಿಡದೆ, ಕೋರ್ಟಿನ ಬೆಂಚಿನಲ್ಲಿ ಒಂದು ವಾಯಿದೆಯ ದಿನ ಪೂರ್ತಿ ಕಾಯಲಿ. ಬೆಳಿಗ್ಗೆಯಿಂದ ಕಾದು ಸಂಜೆ ಮುಂದಿನ ತಾರೀಖು ತಗೊಂಡು ವಾಪಸ್ ಬರೋದು ಅಂದರೆ ಏನು ಅಂತ ಗೊತ್ತಾಗಲಿ. ಆಮೇಲೆ ಬಜೆಟ್ಟಿನಲ್ಲಿ ಯಾವ ಸಾಲು ಹೊಡೆಯಬೇಕು ಅಂತ ಅವರೇ ನಿರ್ಧರಿಸಲಿ.

ಮೊದಲು ಹೊಡೆಯುವ ಸಾಲು ಯಾವುದು ಅಂತ ನನಗೆ ಗೊತ್ತು. ಕಾರ್ಯಕರ್ತರು ತಿಂಗಳಿಗೊಮ್ಮೆ ಸೇರಿ ಮನಸ್ಸು ಹಗುರ ಮಾಡಿಕೊಳ್ಳುವ ಸಭೆ. ವರದಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ದಿನವೂ ಇಂಥ ಕಥೆ ಕೇಳುವವರ ಒಳಗೂ ಗಾಯವಾಗುತ್ತೆ ಅಂತ ಮನಶ್ಶಾಸ್ತ್ರಜ್ಞರಾದ ಲೀಸಾ ಮೆಕ್ಯಾನ್ ಮತ್ತು ಲಾರಿ ಆನ್ ಪರ್ಲ್‌ಮನ್ 1990ರಲ್ಲೇ ಬರೆದಿದ್ದಾರೆ. ನಮಗೆ ಅದು ಕಣ್ಣಿಗೇ ಕಾಣುತ್ತೆ. ನಿದ್ದೆ ಬರಲ್ಲ, ಮನೆಯಲ್ಲಿ ಮಕ್ಕಳ ಮೇಲೆ ರೇಗಾಡುತ್ತಾರೆ, ಒಂದು ರಸ್ತೆಯಲ್ಲಿ ಹೋಗೋದನ್ನೇ ಬಿಟ್ಟುಬಿಡುತ್ತಾರೆ. ಒಂದು ದಿನ ರಾಜೀನಾಮೆ. ಅವರನ್ನೇ ನಂಬಿಕೊಂಡಿದ್ದವರು ಮತ್ತೆ ಹೊಸಬರ ಮುಂದೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಹಾಗಾಗಿ ಆ ಸಭೆಯನ್ನು ದಯವಿಟ್ಟು ಮುಟ್ಟಬೇಡಿ.

ಕೈಬದಲಾವಣೆಯ ಬಗ್ಗೆ ಇನ್ನೊಂದು ಮಾತು. ಯಾವ ಆಸ್ಪತ್ರೆಯಲ್ಲಿ ಯಾವ ವೈದ್ಯರು ರಾತ್ರಿಯೂ ಬರುತ್ತಾರೆ, ಕೋರ್ಟಿನ ಕಚೇರಿಯಲ್ಲಿ ಯಾರನ್ನು ಕೇಳಿದರೆ ಬೇರೆ ಕೋಣೆ ಸಿಗುತ್ತೆ, ಇದೆಲ್ಲ ಇವತ್ತು ನಮ್ಮ ನಿರ್ದೇಶಕಿಯ ತಲೆಯಲ್ಲಿದೆ. ಅವರು ಹೋಗುವ ಮೊದಲು ಕೂತು ಬರೆಸಿಕೊಳ್ಳಬೇಕು. ಆದರೆ ನೊಂದವರ ಹೆಸರು, ಕಡತ ಮಾತ್ರ ಯಾವ ಪಟ್ಟಿಯಲ್ಲೂ ಬರಬಾರದು. ಅವರು ತಮ್ಮ ಕಾರ್ಯಕರ್ತೆಯನ್ನು ನಂಬಿ ಹೇಳಿಕೊಂಡಿದ್ದಾರೆಯೇ ಹೊರತು ಒಕ್ಕೂಟದ ಹೊಸ ಮುಖ್ಯಸ್ಥರಿಗೆ ಹೇಳಿಲ್ಲ. ಪರಿಚಯ ಆಗಲಿ ಅಂತ ಹೊಸಬರಿಗೆ ಹಳೇ ಕಡತ ತೋರಿಸುವ ಉತ್ಸಾಹ ಎಷ್ಟೋ ಕಡೆ ಇದೆ. ಬೇಡ.

ಆಯ್ಕೆ ಸಮಿತಿಯವರು ನಿಮ್ಮ ಪತ್ರಿಕೆಯ ಓದುಗರೇ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಸಂದರ್ಶನದಲ್ಲಿ ಮುಂದಿನ ಐದು ವರ್ಷದ ಯೋಜನೆ ಏನು ಅಂತ ಹೇಗೂ ಕೇಳುತ್ತೀರಿ. ಅದರ ಜೊತೆ ಇದನ್ನೂ ಕೇಳಿ: ನಿಮ್ಮ ಮುಂದೆ ಕೂತವರು ದೂರು ಕೊಡುವುದು ಬೇಡ ಅಂತ ನಿರ್ಧರಿಸಿದ್ದಾರೆ, ಕೊಡಲೇಬೇಕು ಅಂತ ನಿಮ್ಮ ಮನಸ್ಸು ಹೇಳುತ್ತಿದೆ, ಆಗ ಏನು ಮಾಡುತ್ತೀರಿ? ತಟ್ಟನೆ ಒಂದೇ ಸಾಲಿನ ಉತ್ತರ ಕೊಟ್ಟವರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ನೊಂದವರು ದೊಡ್ಡವರಾ, ಮಗುವಾ, ಮಗುವಾದರೆ ಕಾನೂನು ಏನು ಹೇಳುತ್ತೆ, ಮನೆಯಲ್ಲಿ ಯಾರಿದ್ದಾರೆ, ಈ ರಾತ್ರಿ ಅವರು ಎಲ್ಲಿ ಮಲಗುತ್ತಾರೆ ಅಂತ ನಿಮ್ಮನ್ನೇ ತಿರುಗಿ ಕೇಳುವವರು ಸಿಕ್ಕರೆ, ದೇಣಿಗೆಯ ಅನುಭವ ಸ್ವಲ್ಪ ಕಡಿಮೆ ಇದ್ದರೂ ನಮಗೆ ಕೊಡಿ. ಮುಂದಿನ ಬ್ಯಾಚಿನಲ್ಲಿ ಅವರ ಹೆಸರನ್ನೂ ಬರೆದುಕೊಳ್ಳುತ್ತೇವೆ.

ಇತಿ,
ಒಕ್ಕೂಟದ ಒಬ್ಬ ತರಬೇತುದಾರಳು
(ಹೆಸರು, ವಿಳಾಸ ಬೇರೆ ಹಾಳೆಯಲ್ಲಿ ಕೊಟ್ಟಿದ್ದೇನೆ. ದಯವಿಟ್ಟು ಪ್ರಕಟಿಸಬೇಡಿ.)